ನಾನು ನೋಡದ ಸಿಂಹ

ಪುಣೆಯಲ್ಲಿ ‘ತುಮ್ಚಂ ಗಾಂವ ಕೋಣತಂ?’ ಎನ್ನುವ ಪ್ರಶ್ನೆಗೆ ಉತ್ತರ ಕೊಡದೆ ಯಾರೂ ಒಂದು ಕಿಲೋ ಬಟಾಟೆ ಕೊಂಡಿರಲಾರರು. ನಿಮ್ಮೂರು ಯಾವುದು? ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಊರು ಗೊತ್ತಾದರೆ ಮಾತು ಮುಂದುವರಿಯುತ್ತದೆ, ಅಷ್ಟೇ. ನಾನು ‘ಧಾರವಾಡ’ ಎನ್ನುತ್ತಿದ್ದೆ. ಅದು ನನ್ನ ಅಪ್ಪನ ಊರು, ಗಂಡನ ಊರೂ ಹೌದು. ಸುಳ್ಳೇನಲ್ಲ. ಆದರೆ ನಾನು ಹುಟ್ಟಿದ್ದು, ಓದಿದ್ದು, ಮೊದಲ ಹಲ್ಲು ಬೀಳಿಸಿಕೊಂಡದ್ದು, ಕಾನ್ವೆಂಟಿನ ಸಿಸ್ಟರುಗಳಿಂದ ಇಂಗ್ಲಿಷ್ ಪದ್ಯ ಕಲಿತು ಸ್ಟೇಜಿನ ಮೇಲೆ ಮರೆತದ್ದು, ಎಲ್ಲವೂ ನೈರೋಬಿಯಲ್ಲಿ. ಅಪ್ಪ ಅಲ್ಲಿಯ ರೈಲ್ವೆಯಲ್ಲಿ ಕ್ಲಾರ್ಕ್. ಮದುವೆಯಾಗಿ ಹಡಗು ಹತ್ತಿದವಳು ಮುಂಬಯಿಯಲ್ಲಿ ಇಳಿದು ಪುಣೆ ಸೇರಿದೆ. ಬಟಾಟೆಯವನಿಗೆ ಇಷ್ಟೆಲ್ಲ ಹೇಳುವುದು ಹೇಗೆ?

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗಂಡ ಪಿಂಪ್ರಿಯ ಕಾರ್ಖಾನೆಯಿಂದ ರಿಟೈರ್ ಆಗಿ, ಚಿಂಚವಾಡದ ನಮ್ಮ ಫ್ಲ್ಯಾಟಿನಲ್ಲಿ ಪೇಪರು, ಕ್ರಿಕೆಟ್ಟು, ಶೇಂಗಾ ಎಂದು ಸುಖವಾಗಿದ್ದರು. ನಾನು ತಿಂಗಳಿಗೊಮ್ಮೆ ಪಿಂಪ್ರಿ ಮಾರ್ಕೆಟ್ಟಿನ ಒಂದು ಪುಟ್ಟ ಪಾರ್ಲರಿಗೆ ಹೋಗಿ ಕೂದಲು ಸಮ ಮಾಡಿಸಿಕೊಂಡು ಬರುತ್ತಿದ್ದೆ. ಕಾನ್ವೆಂಟಿನ ಚಟ, ಇಳಿವಯಸ್ಸಿನಲ್ಲೂ ಬಿಟ್ಟಿಲ್ಲ. ಪಾರ್ಲರಿನಾಕೆ ಚೀನೀ ಮೂಲದವಳು. ಹುಟ್ಟಿದ್ದು ಕಲಕತ್ತೆಯಲ್ಲಿ, ಕೊಟ್ಟದ್ದು ಪುಣೆಗೆ. ಅವಳ ಮರಾಠಿ ಮಾತ್ರ, ಶುದ್ಧ ಮರಾಠಿಗೆ ಹೆಸರಾದ ಸದಾಶಿವ ಪೇಟೆಯವರನ್ನೂ ನಾಚಿಸುವಂಥದ್ದು.

ಆ ದಿನ ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಜೀನ್ಸು, ದೊಡ್ಡ ಬಿಂದಿ, ಒದ್ದೆ ಕೂದಲು. ಪಾರ್ಲರಿನಾಕೆ ಕತ್ತರಿ ಆಡಿಸುತ್ತ ಊರು ಯಾವುದೆಂದು ಕೇಳಿದಳು. ಹುಡುಗಿಗೆ ಮರಾಠಿ ತಿಳಿಯದ್ದನ್ನು ಕಂಡು ನಾನು ಇಂಗ್ಲಿಷಿನಲ್ಲಿ ಅರ್ಥ ಹೇಳಿದೆ. ‘ಲೆಸ್ಟರ್, ಇಂಗ್ಲೆಂಡ್’ ಎಂದಳು ಹುಡುಗಿ. ಪಾರ್ಲರಿನಾಕೆ ಬಿಡಲಿಲ್ಲ. ‘ಹಾಗಲ್ಲ, ನಿಜವಾದ ಊರು?’

ಹುಡುಗಿ ಟವೆಲನ್ನು ಮುಖದ ಮೇಲೆ ಎಳೆದುಕೊಂಡು ನಗತೊಡಗಿದಳು. ನಗುವಿನ ಒಳಗಿಂದ ಒಂದು ಮಾತು ಬಂತು: “ಅಯ್ಯ ಶಿವನೇ, ಅಲ್ಲೂ ಇದನ್ನs ಕೇಳ್ತಾರ, ಇಲ್ಲೂ ಇದನ್ನs ಕೇಳ್ತಾರ!”

ಕನ್ನಡ! ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಕುತ್ತಿಗೆಗೆ ಕಟ್ಟಿದ ಬಟ್ಟೆಯಿಂದ ಕೂದಲೆಲ್ಲ ಉದುರಿ ನೆಲಕ್ಕೆ ಬಿತ್ತು.

“ನಿನಗ ಕನ್ನಡ ಬರ್ತದೇನ ತಂಗಿ?”

“ಹೌದ್ರಿ. ಅಜ್ಜಿ ಕಲಿಸ್ಯಾಳ.”

ಅವಳ ಅಪ್ಪ ಅಮ್ಮ, ಆಫ್ರಿಕಾದ ಕಂಪಾಲಾದಿಂದ ನಮ್ಮವರನ್ನೆಲ್ಲ ಹೊರಹಾಕಿದಾಗ ಓಡಿಬಂದು ಇಂಗ್ಲೆಂಡ್ ಸೇರಿದವರು. ಅವಳು ಓದಿಗೆಂದು ಒಂದು ವರ್ಷ ಪುಣೆಗೆ ಬಂದಿದ್ದಳು. ಅವಳ ಕನ್ನಡ ಕೇಳುವುದೇ ಒಂದು ಮಜಾ. ಉಚ್ಚಾರ ಪಕ್ಕಾ ಇಂಗ್ಲಿಷು, ಶಬ್ದಗಳು ಮಾತ್ರ ನನ್ನ ಅಜ್ಜಿಯ ಕಾಲದವು. ರೈಲಿಗೆ ‘ಉಗಿಬಂಡಿ’ ಎನ್ನುತ್ತಿದ್ದಳು. ಅವಳು ಪಾರ್ಲರಿನಾಕೆಗೆ ತಿರುಗಿ ಅದೇ ಪ್ರಶ್ನೆ ಕೇಳಿದಳು, ನಿಮ್ಮ ನಿಜವಾದ ಊರು? ಆಕೆ ಕತ್ತರಿಯಿಂದ ನೆಲ ತೋರಿಸಿದಳು. ‘ಪಿಂಪ್ರಿ. ಹೇಳಿದರೆ ಯಾರೂ ನಂಬುವುದಿಲ್ಲ.’

ಮೂವರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕ ನಗು ರಸ್ತೆಯವರೆಗೆ ಕೇಳಿಸಿರಬೇಕು.

ಲೆಸ್ಟರಿನಲ್ಲಿ ಅವಳ ಓಣಿಯ ಲೈಬ್ರರಿಯಲ್ಲಿ ಏಷ್ಯನ್ ಹೆಂಗಸರು ವಾರಕ್ಕೊಮ್ಮೆ ಸುತ್ತಾಗಿ ಕೂತು ತಮ್ಮ ತಮ್ಮ ಕಥೆ ಹೇಳಿಕೊಳ್ಳುತ್ತಾರಂತೆ. ಬಾಂಗ್ಲಾದವರು, ಪಂಜಾಬಿಗಳು, ವಿಯೆಟ್ನಾಮಿನವರು, ಅವಳ ಅಮ್ಮ. ಇಲ್ಲಿಯೂ ಅಂಥದ್ದೊಂದು ಸ್ಟೋರಿ ಸರ್ಕಲ್ ಮಾಡೋಣವೇ ಎಂದು ಕೇಳಿದಳು. ನಿಯಮ ಸರಳ. ಒಬ್ಬರು ಹೇಳುವಾಗ ಉಳಿದವರು ನಡುವೆ ಬಾಯಿ ಹಾಕಬಾರದು. ಉಪದೇಶ ಕೊಡಬಾರದು. ಪ್ರತಿಯೊಬ್ಬರೂ ತಮ್ಮ ಕಥೆಯನ್ನೇ ಹೇಳಬೇಕು, ಇನ್ನೊಬ್ಬರದ್ದಲ್ಲ.

ಏಷ್ಯನ್! ಆ ಶಬ್ದ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು. ನೈರೋಬಿಯ ಸ್ಟೇಷನ್ನಿನಲ್ಲಿ ಪಾಯಖಾನೆಯ ಬಾಗಿಲುಗಳ ಮೇಲೆ ಬರೆದಿರುತ್ತಿತ್ತು: ಯುರೋಪಿಯನ್, ಏಷ್ಯನ್, ಆಫ್ರಿಕನ್. ನಾವು ನಡುವಿನ ಬಾಗಿಲಿನವರು. ಪುಣೆಗೆ ಬಂದ ಮೇಲೆ ನಾನು ಮಾವನ ಮನೆಯ ಸೊಸೆಯಾದೆ, ಮಕ್ಕಳ ತಾಯಿಯಾದೆ, ಓಣಿಯವರಿಗೆಲ್ಲ ವೈನಿ, ಅಂದರೆ ಅತ್ತಿಗೆಯಾದೆ. ಏಷ್ಯನ್ ಎಂದು ಯಾರೂ ಕರೆಯಲಿಲ್ಲ. ಆವತ್ತು ಮನೆಗೆ ಬಂದು ಅಡಿಗೆಗೆ ನಿಂತೆ. ಸಾರಿಗೆ ಉಪ್ಪು ಮೇಲಿಂದ ಮೇಲೆ ಬಿತ್ತು.

“ಏನ, ಲಾಟರಿ ಹತ್ತೇದೇನು?” ಎಂದರು ಗಂಡ, ಮೊದಲ ತುತ್ತಿಗೇ ನೀರು ಕುಡಿದು.

ಈ ಉತ್ಸಾಹ ಯಾಕೆಂದು ಹೇಳಬೇಕಾದರೆ ಸಿಂಹದ ವಿಷಯ ಹೇಳಬೇಕು.

ನಾನು ಹುಟ್ಟುವ ಎಷ್ಟೋ ಮೊದಲು, ನೈರೋಬಿಯ ರೈಲ್ವೆ ಯಾರ್ಡಿಗೆ ಒಂದು ಸಿಂಹ ಬಂದು ಹೋಗಿತ್ತಂತೆ. ಅಪ್ಪನಿಗೆ ಯಾರೋ ಹೇಳಿದ್ದು, ಅಪ್ಪ ನನಗೆ ಹೇಳಿದ್ದು. ಮದುವೆಯಾದ ಹೊಸತರಲ್ಲಿ ಗಂಡ ‘ಅಲ್ಲೆ ಸಿಂಹ ಇರ್ತಾವಂತಲ್ಲ?’ ಎಂದು ಕೇಳಿದಾಗ, ನಾಚಿಕೆ ಮುರಿಯಲೆಂದು ನಾನು ಇದನ್ನು ಹೇಳಿದೆ. ಅಲ್ಲಿಗೆ ಮುಗಿಯಿತು ನನ್ನ ಬಾಲ್ಯ! ಮರುವರ್ಷ ಗಂಡನ ಬಾಯಲ್ಲಿ ಸಿಂಹ ಯಾರ್ಡಿನಿಂದ ನಮ್ಮ ಕ್ವಾರ್ಟರ್ಸಿಗೆ ಬಂತು. ಮಕ್ಕಳು ಹುಟ್ಟುವ ಹೊತ್ತಿಗೆ ಅದು ನಮ್ಮ ವರಾಂಡ ಹತ್ತಿತು. ಗಂಡ ಫೋರ್ಮನ್ ಆಗುವ ಹೊತ್ತಿಗೆ, ತೊಟ್ಟಿಲಲ್ಲಿ ಮಲಗಿದ ನನ್ನನ್ನು ಮೂಸಿ, ಮುಸುರೆ ನೀರು ಕುಡಿದು, ಬಾಲ ಅಲ್ಲಾಡಿಸಿ ಹೋಗುತ್ತಿತ್ತು. ಕಾರ್ಖಾನೆಯ ಗೆಳೆಯರಿಗೆ, ಬೀಗರಿಗೆ, ಗ್ಯಾಸ್ ತಂದವನಿಗೂ ಈ ಕಥೆ ಆಯಿತು. “ನಮ್ಮಾಕಿ ಸಿಂಹದ ಜೋಡಿ ಬೆಳದಾಕಿ ನೋಡ್ರಿ, ಅದಕ್ಕs ನಾ ಮನ್ಯಾಗ ದನಿ ಎತ್ತಂಗಿಲ್ಲ!” ಎಲ್ಲರೂ ನಗುತ್ತಿದ್ದರು. ನಾನೂ ಚಹಾ ಕೊಡುತ್ತ ನಗುತ್ತಿದ್ದೆ.

ಅವರದು ಪ್ರೀತಿಯೇ. ಹೆಂಡತಿಯ ಬಗ್ಗೆ ಜಂಬ. ಆದರೆ ನಾನು ಬೇರೇನಾದರೂ ಹೇಳಲು ಬಾಯಿ ತೆರೆದರೆ, ಅಮ್ಮನ ಅಡಿಗೆಮನೆ, ಕಾನ್ವೆಂಟಿನ ದಾರಿ, ಅಲ್ಲಿಯ ಚಳಿ, ಮಕ್ಕಳೂ ಸಹ ‘ಸಿಂಹದ್ದು ಹೇಳು’ ಎನ್ನುತ್ತಿದ್ದರು. ಹೆದರಿಕೆಯ ಸಂಗತಿ ಇನ್ನೊಂದು: ಕೇಳಿ ಕೇಳಿ ನನಗೇ ಆ ಸಿಂಹ ಕಾಣಿಸತೊಡಗಿತ್ತು. ಕಣ್ಣು ಮುಚ್ಚಿದರೆ ವರಾಂಡದಲ್ಲಿ ಅದರ ಬಾಲ. ಅಪ್ಪ ಅಮ್ಮ ಅಲ್ಲೇ ತೀರಿಕೊಂಡರು, ಒಬ್ಬನೇ ತಮ್ಮ ಕೆನಡಾದಲ್ಲಿ. ಆ ಮನೆಯನ್ನು ಕಂಡವಳು ಇಲ್ಲಿ ನಾನೊಬ್ಬಳೇ. ನಾನೇ ಮರೆತರೆ ಅಲ್ಲಿ ಉಳಿಯುವುದು ಸಿಂಹ ಮಾತ್ರ. ಸಾಯುವ ಮೊದಲು ಒಮ್ಮೆ, ಒಂದೇ ಒಂದು ಸಲ, ನನ್ನ ಮನೆಯನ್ನು ನನ್ನ ಬಾಯಿಂದ, ಯಾರೂ ನಡುವೆ ಬರದ ಹಾಗೆ ಹೇಳಬೇಕು. ನನಗೆ ಬೇಕಾಗಿದ್ದದ್ದು ಇಷ್ಟು.

ಗುರುವಾರ ಎಂದು ಗೊತ್ತು ಮಾಡಿದೆವು. ನಮ್ಮ ಪಿಂಪ್ರಿ-ಚಿಂಚವಾಡದ ಕಡೆ ಗುರುವಾರ ಕಾರ್ಖಾನೆಗಳಿಗೆ ರಜೆ, ಕರೆಂಟೂ ಬಹಳ ಹೊತ್ತು ಇರುತ್ತಿರಲಿಲ್ಲ. ಕರೆಂಟಿಲ್ಲದೆ ಡ್ರೈಯರ್ ಓಡದು, ಹಾಗಾಗಿ ಪಾರ್ಲರ್ ಬಂದ್. ನಾನೊಬ್ಬಳೇ ಹೋಗಲು ಸಂಕೋಚವಾಗಿ ಕೆಳಗಿನ ಮನೆಯ ಗೆಳತಿಯನ್ನು ಕರೆದೆ. ಅವಳು ಬೆಳಗಾವಿಯವಳು, ನನಗಿಂತ ಚಿಕ್ಕವಳು. ಗಂಡನಿಗೆ ಪಿಂಪ್ರಿಯ ಕಾರ್ ಪ್ಲಾಂಟಿನಲ್ಲಿ ಕೆಲಸ.

“ಅಲ್ಲ, ನೀ ಹೊರದೇಶದಾಗ ಇದ್ದಾಕಿ ಅಲ್ಲಲ್ಲ?” ಎಂದು ನಾನು ಅನುಮಾನಿಸಿದೆ.

“ಅದೇನ್ರಿ ವೈನಿ ಹಂಗಂತೀರಿ? ಬೆಳಗಾವಿ ಒಳಗ ನಾವು ಮರಾಠಿ ಮಾತಾಡಿದ್ರ ಕನ್ನಡದವ್ರು ಬೈತಿದ್ರು, ಕನ್ನಡ ಮಾತಾಡಿದ್ರ ಮರಾಠಿಯವ್ರು ಬೈತಿದ್ರು. ಇಲ್ಲೆ ಬಂದ್ರ ಕಾನಡೀ ಅಂತಾರ. ನಾನೂ ಡಯಾಸ್ಪೊರಾನ ರೀ!” ಊರು ಬಿಟ್ಟು ಚದುರಿದವರಿಗೆ ಹುಡುಗಿ ಹೇಳುವ ಆ ಶಬ್ದವನ್ನು ನನ್ನಿಂದ ಕೇಳಿ ಆಗಷ್ಟೇ ಕಲಿತಿದ್ದಳು. ಹೇಳುವಾಗ ಬೆಳಗಾವಿ ಕುಂದಾ ತಿಂದಷ್ಟು ಖುಷಿ.

ಮೊದಲ ಗುರುವಾರ ಅವಳ ಮನೆಯಲ್ಲೇ ಸೇರಿದೆವು. ಪೂರ್ತಿ ಫ್ಲಾಪ್. ಹುಡುಗಿ ಚಾಪೆ ಹಾಸಿ ಸುತ್ತಾಗಿ ಕೂರಿಸಿದಳು. ತಾನೇ ಮೊದಲು ಹೇಳಿದಳು: ಶಾಲೆಯಲ್ಲಿ ಡಬ್ಬಿ ತೆರೆದರೆ ಪಕ್ಕದವರು ಮೂಗು ಮುಚ್ಚುತ್ತಿದ್ದದ್ದು, ತಾನು ಒಗ್ಗರಣೆಯ ಅನ್ನವನ್ನು ಕಸದ ಬುಟ್ಟಿಗೆ ಹಾಕಿ ಮನೆಗೆ ಬಂದು ಉಂಡೆನೆಂದು ಹೇಳುತ್ತಿದ್ದದ್ದು. ಬೆಳಗಾವಿಯವಳು ತಡೆಯಲಾರದೆ ಬಾಯಿ ಹಾಕಿದಳು: “ಮದುವಿ ಮಾಡ್ಕೊ ತಂಗಿ, ಎಲ್ಲಾ ಸರಿ ಹೋಗ್ತದ.”

ಉಪದೇಶ ಬೇಡವೆಂದು ನಾನು ಗದರಿದೆ. ಆಮೇಲೆ ಅವಳ ಸರದಿ. ತನ್ನ ಕಥೆ ಎಂದು ಗಂಡನ ಟ್ರಾನ್ಸ್‌ಫರುಗಳನ್ನೆಲ್ಲ ಹೇಳಿದಳು. ಪಾರ್ಲರಿನಾಕೆ ತನ್ನ ಕಥೆ ಎಂದು ಮಾವನ ಚಪ್ಪಲಿ ಅಂಗಡಿಯದ್ದು ಹೇಳಿದಳು. ನನ್ನ ಸರದಿ ಬಂದಾಗ ನಾನು ‘ಪಾಸ್’ ಎಂದೆ. ಹುಡುಗಿ ತಲೆಗೆ ಕೈ ಹಚ್ಚಿ ಕೂತಳು. “ಕಾಕು, ಇದರಾಗ ನೀವು ಯಾರೂ ಇಲ್ಲಲ್ಲರೀ!”

ನಿಜ. ‘ನಾನು’ ಎಂದು ಶುರು ಮಾಡುವ ರೂಢಿಯೇ ನಮಗಿಲ್ಲ.

ದಾರಿ ತೋರಿಸಿದವಳು ಬೆಳಗಾವಿಯವಳೇ. ಮುಂದಿನ ವಾರ ಹೋದರೆ ಅವಳು ಬಾಗಿಲಿಗೆ ಅಡ್ಡ ಕೈ ಇಟ್ಟು ನಿಂತಿದ್ದಳು. “ಒಡಪ ಹಾಕದs ಒಳಗ ಬಿಡಂಗಿಲ್ಲ!”

ನಮ್ಮ ಕಡೆ ಹೊಸ ಮದುಮಗಳು ಹೊಸ್ತಿಲು ದಾಟುವಾಗ ಹೀಗೆಯೇ ಅಡ್ಡಗಟ್ಟುತ್ತಾರೆ. ಗಂಡನ ಹೆಸರನ್ನು ನೇರ ಹೇಳುವ ಹಾಗಿಲ್ಲ, ಒಂದು ಪ್ರಾಸದ ಒಡಪಿನಲ್ಲಿ ಸೇರಿಸಿ ಹೇಳಿದರೆ ಕೈ ತೆಗೆಯುತ್ತಾರೆ. ಎಂಥ ನಾಚಿಕೆಯವಳ ಬಾಯನ್ನೂ ಬಿಡಿಸುವ ಉಪಾಯ ಅದು.

“ಈ ವಯಸ್ಸಿನ್ಯಾಗ ಗಂಡನ ಹೆಸರ ಹೇಳಬೇಕೇನ?” ಎಂದೆ.

“ಗಂಡನ ಹೆಸರ ಯಾರಿಗೆ ಬೇಕಾಗೇದ್ರಿ? ಹುಟ್ಟೂರ ಹೆಸರ ಹೇಳ್ರಿ! ಕೇಳ್ರಿ ನಂದು.” ಸೊಂಟಕ್ಕೆ ಕೈಯಿಟ್ಟು ಶುರು ಮಾಡಿದಳು:

“ಕಾಯಿ ಒಡದರ ತಿಳಿನೀರ,
ಕುಂದಾ ಕಂಡರ ಬಾಯಾಗ ನೀರ,
ದಾರಿ ಬಿಡ್ರೇ ಗೆಳತ್ಯಾರ,
ಬೆಳಗಾವಿ ನನ್ನ ತವರ!”

ಹುಡುಗಿ ಚಪ್ಪಾಳೆ ತಟ್ಟಿ ಕುಣಿದೇ ಬಿಟ್ಟಳು. ಮೆಟ್ಟಿಲ ಮೇಲೆ ಕೂತು, ಬೆರಳು ಮಡಿಚಿ ಬಿಚ್ಚಿ, ಪ್ರಾಸ ಹುಡುಕಿ ತಾನೂ ಒಂದು ಕಟ್ಟಿದಳು:

“ಮಂಜ ಬೀಳ್ತದ ಮುಂಜಾನೆ,
ಟೋಸ್ಟಿಗೆ ಹಚ್ಚೋದು ಶೇಂಗಾ ಚಟ್ನಿನೆ,
ಲೆಸ್ಟರದಾಗ ನಮ್ಮನೆ!”

ಪಾರ್ಲರಿನಾಕೆಗೆ ಇದು ಹೊಸದಲ್ಲ, ಮರಾಠಿಯಲ್ಲಿ ಇದೇ ಉಖಾಣೆ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಹೇಳಿ ಬಹುಮಾನ ಹೊಡೆದವಳು. ಕಲಕತ್ತೆಯ ಹೂಗ್ಲಿ ನದಿಯನ್ನೂ ಪುಣೆಯ ಮುಳಾ ನದಿಯನ್ನೂ ಒಂದೇ ಪ್ರಾಸಕ್ಕೆ ಕಟ್ಟಿ ನಾವೆಲ್ಲ ಬಾಯಿ ತೆರೆದು ನಿಲ್ಲುವಂತೆ ಮಾಡಿದಳು. ಕೊನೆಗೆ ಹೊರಗೆ ಉಳಿದವಳು ನಾನು. ಕಾನ್ವೆಂಟಿನಲ್ಲಿ ಅಷ್ಟೊಂದು ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿದ ನನಗೆ ನೈರೋಬಿಗೆ ಒಂದು ಪ್ರಾಸ ಸಿಗಬಾರದೇ?

“ಗೋಬಿ ಅನ್ರಿ ವೈನಿ! ಪಲ್ಲೆ ಮಾಡೀನಿ ಗೋಬಿ, ಹುಟ್ಟಿದೂರು ನೈರೋಬಿ!”

ನಗುತ್ತ ನಗುತ್ತ ನನ್ನನ್ನು ಒಳಗೆ ಎಳೆದುಕೊಂಡರು. ಆವತ್ತಿನಿಂದ ಮಾತು ಹರಿಯಿತು ನೋಡಿ! ಊರ ಹೆಸರು ಬಾಯಿಂದ ಬಂದ ಮೇಲೆ, ಅದರ ಹಿಂದೆಯೇ ಓಣಿ ಬರುತ್ತದೆ, ಓಣಿಯ ಹಿಂದೆ ಮನೆ, ಮನೆಯೊಳಗೆ ಫ್ರಾಕು ಹಾಕಿದ ಹುಡುಗಿ. ಗಂಡಂದಿರ ಟ್ರಾನ್ಸ್‌ಫರುಗಳೆಲ್ಲ ಹೊಸ್ತಿಲಾಚೆಯೇ ಉಳಿದವು.

ಯಾವ ಭಾಷೆಯಲ್ಲಿ ಹೇಳಬೇಕೆಂಬ ಪ್ರಶ್ನೆಯೂ ಬಂತು. ನಿಮ್ಮ ತಾಯಿ ಯಾವ ಭಾಷೆಯಲ್ಲಿ ಬೈಯುತ್ತಿದ್ದರೋ ಆ ಭಾಷೆಯಲ್ಲಿ, ಎಂದಳು ಹುಡುಗಿ. ಪಾರ್ಲರಿನಾಕೆ ಕೈ ಚೆಲ್ಲಿದಳು. ಅವಳ ತಾಯಿ ಬೈಯುತ್ತಿದ್ದದ್ದು ಚೀನೀಯರ ಹಕ್ಕಾ ಭಾಷೆಯಲ್ಲಿ. ಇಲ್ಲಿ ಯಾರಿಗೆ ತಿಳಿಯಬೇಕು? ತಿಳಿಯದಿದ್ದರೂ ಹೇಳಿ ಎಂದು ನಾವೇ ಹಟ ಹಿಡಿದೆವು. ಅವಳು ಬೆರಳು ಆಡಿಸುತ್ತ ಶುರು ಮಾಡಿದಳು. ದನಿ ಏರಿತು, ಇಳಿಯಿತು, ಹಲ್ಲು ಕಚ್ಚಿತು, ಕೊನೆಗೆ ಒಂದು ನಿಟ್ಟುಸಿರು. ಒಂದಕ್ಷರ ಅರ್ಥವಾಗಲಿಲ್ಲ, ಪೂರ್ತಿ ಅರ್ಥವಾಯಿತು. ಬೆಳಗಾವಿಯವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಯವ್ವಾ, ಇದು ಹುಬೇಹೂಬ ನಮ್ಮವ್ವನs! ಚಪ್ಪಲ ಕಳಕೊಂಡು ಬಂದಾಗ ಹಿಂಗs ಬೈತಿದ್ಲು.” ಪಾರ್ಲರಿನಾಕೆಗೆ ಮರಾಠಿಯಲ್ಲಿ ತಿಳಿಸಿದಾಗ ಅವಳು ದಂಗಾದಳು. ಅವಳು ಹೇಳಿದ್ದು ಛತ್ರಿ ಕಳೆದ ಕಥೆಯಂತೆ!

ಇಷ್ಟಾದರೂ ನನ್ನ ಸರದಿ ಬಂದಾಗ ನಾನು ‘ಮುಂದಿನ ವಾರ’ ಎನ್ನುತ್ತಿದ್ದೆ. ಯಾಕೆಂದರೆ ಬಾಯಿ ತೆರೆದಾಗಲೆಲ್ಲ ವರಾಂಡದಲ್ಲಿ ಆ ಬಾಲ ಕಾಣುತ್ತಿತ್ತು. ಇಂಗ್ಲಿಷಿನಲ್ಲಿ ಹೇಳಹೊರಟರೆ ಸಿಸ್ಟರ್ ಮುಂದೆ ನಿಂತ ಹಾಗೆ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು. ಕನ್ನಡದಲ್ಲೋ, ಅಡಿಗೆಮನೆಯ ಆಚೆ ನನ್ನ ಕನ್ನಡ ಎಂದೂ ಹೋಗಿಯೇ ಇರಲಿಲ್ಲ.

ನನ್ನ ಮನೆಯಲ್ಲಿ ಸೇರುವ ಗುರುವಾರ ಬಂತು. ಟೀವಿಯಲ್ಲಿ ಮ್ಯಾಚು, ಗಂಡ ಒಳಕೋಣೆಯಲ್ಲಿ. ನಾವು ಹೊರಗೆ ಸುತ್ತಾಗಿ ಕೂತೆವು. ಹುಡುಗಿಯ ವರ್ಷ ಮುಗಿಯುತ್ತ ಬಂದಿತ್ತು. “ಕಾಕು, ಇವತ್ತ ನೀವು ತಪ್ಪಿಸ್ಕೊಳ್ಳೂ ಹಂಗಿಲ್ಲ,” ಎಂದಳು. ನಾನು ಗಂಟಲು ಸರಿಮಾಡಿಕೊಂಡೆ.

ಫಟ್ ಎಂದು ಕರೆಂಟು ಹೋಯಿತು. ಮ್ಯಾಚು ನಿಂತಿತು. ಗಂಡ ಶೇಂಗಾದ ಬಟ್ಟಲು ಹಿಡಿದು ಹೊರಗೆ ಬಂದರು.

“ಏನ್ ನಡಿಸೀರಿ? ಆಫ್ರಿಕಾ? ಅಯ್ಯ, ಅದನ್ನ ನನ್ನ ಕಡೆ ಕೇಳ್ರಿ! ಇಕಿ ತೊಟ್ಟಲದಾಗ ಮಲಗಿದ್ಲು. ಅಷ್ಟ್ರಾಗ ವರಾಂಡದಾಗ ಒಂದು ದೊಡ್ಡ ಸಿಂಹ…”

ಹುಡುಗಿ ಕೈ ಎತ್ತಿದಳು. “ಕಾಕಾ, ಕ್ಷಮಾ ಮಾಡ್ರಿ. ಇಲ್ಲೆ ತಮ್ಮ ತಮ್ಮ ಕಥಿ ಅಷ್ಟs ಹೇಳಬೇಕು. ನೀವು ಆ ಸಿಂಹ ನೋಡೀರೇನು?”

“ನಾ ಹೆಂಗ ನೋಡಲಿ? ಇಕಿ ನೋಡ್ಯಾಳ.”

ಎಲ್ಲರೂ ನನ್ನ ಕಡೆ ತಿರುಗಿದರು. “ಇಲ್ರಿ,” ಎಂದೆ. “ನಾ ನೋಡಿಲ್ಲ. ನಮ್ಮ ಮನಿಗೆ ಯಾವ ಸಿಂಹನೂ ಬಂದಿಲ್ಲ.”

ಗಂಡನ ಬಾಯಲ್ಲಿ ಶೇಂಗಾ ಹಾಗೆಯೇ ನಿಂತಿತು. “ಮತ್ತೇನ್ ಬಂದಿತ್ತು?” ಎಂದರು, ಸ್ವಲ್ಪ ಸಿಟ್ಟಿನಲ್ಲೇ.

“ಜ್ವಾಳ,” ಎಂದೆ. ಎಲ್ಲಿಂದ ಬಂತೋ ಆ ಶಬ್ದ! “ಪ್ರತಿ ವರ್ಷ ಧಾರವಾಡದಿಂದ ಜ್ವಾಳ ಬರ್ತಿತ್ತು.”

ಹುಡುಗಿ ಅವರಿಗೂ ಒಂದು ಕುರ್ಚಿ ತೋರಿಸಿ, ಬೆರಳನ್ನು ತುಟಿಗೆ ಇಟ್ಟಳು. ಅವರು ಕೂತರು. ನಾನು ಹೇಳಿದೆ.

ಆವತ್ತು ನಾನು ಹೇಳಿದ್ದು ಇಷ್ಟು. ಧಾರವಾಡದ ಎರೆಭೂಮಿಯ ಬಿಳಿಜೋಳ ಈ ಲೋಕದಲ್ಲಿ ಬೇರೆಲ್ಲೂ ಬೆಳೆಯುವುದಿಲ್ಲ ಎನ್ನುವುದು ಅಪ್ಪನ ಧರ್ಮ. ಗುಜರಾತಿಯ ದುಕಾನಿನಲ್ಲಿ ಬಾಜರಿ ಸಿಗುತ್ತಿತ್ತು, ಕೆಂಪು ಜೋಳವೂ ಸಿಗುತ್ತಿತ್ತು. ‘ಇದು ಜೋಳ ಅಲ್ಲ’ ಎಂದು ಅಪ್ಪ ಚೀಲವನ್ನು ಮುಟ್ಟುತ್ತಲೂ ಇರಲಿಲ್ಲ. ಹಾಗಾಗಿ ಅಜ್ಜ ವರ್ಷಕ್ಕೊಮ್ಮೆ ಚೀಲ ಕಳಿಸುತ್ತಿದ್ದರು. ಮುಂಬಯಿಯಿಂದ ಹಡಗಿನಲ್ಲಿ ಮೊಂಬಾಸಾ, ಅಲ್ಲಿಂದ ರೈಲಿನಲ್ಲಿ ನೈರೋಬಿ. ಬಿಚ್ಚಿದರೆ ಅರ್ಧ ಜೋಳ, ಅರ್ಧ ನುಸಿ. ಅಮ್ಮ ವಾರಗಟ್ಟಲೆ ಕೇರಿ, ಆರಿಸಿ, ಬಿಸಿಲಿಗೆ ಹರವಿ ಡಬ್ಬಿ ತುಂಬುತ್ತಿದ್ದಳು. ರೊಟ್ಟಿ ಭಾನುವಾರಕ್ಕೆ ಮಾತ್ರ. ಅಪ್ಪನಿಗೆ ಮೊದಲು, ಆಮೇಲೆ ನಮಗೆ. ಅಮ್ಮನ ತಾಟಿನಲ್ಲಿ ಅನ್ನ. ‘ನನಗ ರೊಟ್ಟಿ ಸೇರಂಗಿಲ್ಲ’ ಎನ್ನುತ್ತಿದ್ದಳು. ಗದಗಿನ ಕಡೆಯ ಹೆಣ್ಣುಮಗಳು, ರೊಟ್ಟಿ ಸೇರುವುದಿಲ್ಲವಂತೆ!

ಆಫ್ರಿಕನ್ನರ ಸಂತೆಗೆ ನಮ್ಮ ಹೆಂಗಸರು ಹೋಗುತ್ತಿರಲಿಲ್ಲ. ನಾವು ನಡುವಿನ ಬಾಗಿಲಿನವರಲ್ಲವೇ, ಮೇಲಿನವರು ನಮ್ಮನ್ನು ನೋಡಿದ ಹಾಗೆಯೇ ನಾವು ಕೆಳಗಿನವರನ್ನು ನೋಡುತ್ತಿದ್ದೆವು. ಅದನ್ನೂ ಹೇಳಿದೆ, ಹೇಳದಿದ್ದರೆ ಕಥೆ ನಿಲ್ಲುವುದಿಲ್ಲ. ಒಂದು ಸಲ ಅಪ್ಪ ಕೆಲಸದ ಮೇಲೆ ಕಿಸುಮು ಕಡೆ ಹೋಗಿದ್ದರು. ಮನೆಯಲ್ಲಿ ತರಕಾರಿ ಖಾಲಿ, ಪೇಟೆಯ ಅಂಗಡಿಗಳೆಲ್ಲ ಏನೋ ಗಲಾಟೆಗೆ ಬಂದ್. ಅಮ್ಮ ನನ್ನ ಕೈ ಹಿಡಿದುಕೊಂಡು ಸಂತೆಗೆ ನಡೆದಳು. ಹಿಂದಿನ ದಿನ ಮಳೆಯಾಗಿತ್ತು. ದಾರಿಯ ಕೆಸರಲ್ಲಿ ಅವಳ ಚಪ್ಪಲಿ ಕಚ್ಚಿಕೊಂಡಿತು. ಎಳೆದು ತೆಗೆದು, ಅಂಟಿದ ಮಣ್ಣನ್ನು ನೋಡಿ ಅಲ್ಲೇ ನಿಂತಳು. ಕಪ್ಪು, ಜಿಗುಟು. “ಅಯ್ಯ, ಇದು ಎರಿಮಣ್ಣs!” ಎಂದಳು. ಅಷ್ಟು ವರ್ಷ ಆ ಊರಲ್ಲಿದ್ದು ಅವಳು ಆ ಮಣ್ಣನ್ನು ಮುಟ್ಟಿ ನೋಡಿರಲಿಲ್ಲ.

ಸಂತೆಯಲ್ಲಿ ಸಾಲಾಗಿ ಹೆಂಗಸರು. ಒಬ್ಬಳ ಮುಂದಿನ ಚೀಲದಲ್ಲಿ ರಾಶಿ ರಾಶಿ ಬಿಳಿಜೋಳ. ಅಮ್ಮ ಬೆಲೆ ಕೇಳಲಿಲ್ಲ. ಕೂತು, ಬಳೆ ಹಿಂದಕ್ಕೆ ಸರಿಸಿ, ಮೊಣಕೈವರೆಗೆ ಕೈಯನ್ನು ಆ ರಾಶಿಯೊಳಗೆ ಇಳಿಸಿದಳು. ಮುಷ್ಟಿ ತುಂಬಿ ಮೂಗಿಗೆ ಹಿಡಿದಳು. ಆಮೇಲೆ ನಕ್ಕಳು. ಅಮ್ಮ ಹಾಗೆ ಬಾಯಿ ತೆರೆದು ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು. ಮಾರುವವಳಿಗೆ ಏನು ತಿಳಿಯಿತೋ, ಅವಳೂ ನಕ್ಕಳು. ಅಮ್ಮ ಕನ್ನಡದಲ್ಲೇ ಹೇಳುತ್ತಿದ್ದಳು, “ನಿನ್ನ ಬಾಯಾಗ ಸಕ್ರಿ ಹಾಕ್ಲಿ, ನೀ ಇಲ್ಲೇ ಇದ್ದೀಯಲ್ಲs!” ಅವಳು ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಇಬ್ಬರೂ ಜೋರಾಗಿ, ಇಬ್ಬರೂ ಒಟ್ಟಿಗೆ.

ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಭಾನುವಾರವಲ್ಲ, ಅಮಾವಾಸ್ಯೆಯಲ್ಲ, ಸುಮ್ಮನೆ ಒಂದು ದಿನ! ಅಮ್ಮ ಒಲೆಯ ಮುಂದೆಯೇ ಕೂತು, ಹೆಂಚಿನಿಂದ ತೆಗೆದದ್ದನ್ನು ತಾನೇ ಮೊದಲು ತಿಂದಳು. ಆಮೇಲೆ ನನಗೆ, ತಮ್ಮನಿಗೆ. ಅಪ್ಪ ಕಿಸುಮುವಿನಿಂದ ಬಂದ ಮೇಲೆ ಅವರಿಗೂ ಅದೇ ಜೋಳ ಬಡಿಸಿದಳು. ಅಪ್ಪ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. “ಏನs ಅನ್ನು, ನಮ್ಮ ಧಾರವಾಡದ ಮಣ್ಣಿನ ರುಚಿನs ಬ್ಯಾರೆ!”

ಅಮ್ಮ ನನ್ನ ಕಡೆ ನೋಡಿದಳು. ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅಜ್ಜನ ಚೀಲ ವರ್ಷಕ್ಕೊಮ್ಮೆ ಬರುತ್ತಲೇ ಇತ್ತು. ಅಮ್ಮ ಅದನ್ನು ಕೋಳಿಗೆ ಹಾಕುತ್ತಿದ್ದಳು.

ನಾನು ನಿಲ್ಲಿಸಿದಾಗ ಮೊದಲು ನಕ್ಕವಳು ಪಾರ್ಲರಿನಾಕೆ. ಕನ್ನಡ ಬಾರದಿದ್ದರೂ, ನಾನು ಕೈಯನ್ನು ಮೊಣಕೈವರೆಗೆ ಇಳಿಸಿ ತೋರಿಸಿದ್ದರಿಂದ ಅವಳಿಗೆ ಎಲ್ಲ ತಿಳಿದಿತ್ತು. ಆಮೇಲೆ ಎಲ್ಲರೂ ಒಟ್ಟಿಗೆ ಶುರು. ಹುಡುಗಿ ನನ್ನ ಕೊರಳಿಗೆ ಬಿದ್ದು, ಕಂಪಾಲಾದಲ್ಲಿ ತನ್ನ ಅಜ್ಜಿಯೂ ಸಂತೆಗೆ ಹೋಗುತ್ತಿದ್ದಳೇ ಎಂದು ಆ ರಾತ್ರಿಯೇ ಅಮ್ಮನಿಗೆ ಫೋನು ಮಾಡಿ ಕೇಳುತ್ತೇನೆಂದಳು. ಬೆಳಗಾವಿಯವಳಂತೂ ನೆಲಕ್ಕೆ ಬಡಿದು ಬಡಿದು ನಗುತ್ತಿದ್ದಳು. “ಕೋಳಿಗೆ! ವೈನಿ, ಧಾರವಾಡದ ಜ್ವಾಳ ಆಫ್ರಿಕಾದ ಕೋಳಿಗೆ!”

ಗಂಡ ಮಾತ್ರ ನಗಲಿಲ್ಲ. ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಹಾಗೆಯೇ ಕೂತಿದ್ದರು. ಅವರೂ ಧಾರವಾಡದವರಲ್ಲವೇ, ಆ ಮಣ್ಣಿನ ರುಚಿಯ ಬಗ್ಗೆ ಅವರದೂ ಅಪ್ಪನ ಮತವೇ. ನನಗೆ ಅಳುಕಾಯಿತು. ಎಲ್ಲರ ಮುಂದೆ ಅವರ ಸಿಂಹವನ್ನು ಇಲ್ಲವೆಂದು ಹೇಳಿಬಿಟ್ಟಿದ್ದೆ. ಇನ್ನು ವಾರಗಟ್ಟಲೆ ಬಿಗುಮಾನ ಎಂದುಕೊಂಡೆ. ಗೆಳತಿಯರು ಚಹಾ ಕುಡಿದು, ಚಪ್ಪಲಿ ಮೆಟ್ಟಿ, ಮೆಟ್ಟಿಲ ಮೇಲೂ ನಗುತ್ತ ಹೋದರು. ನಾನು ಕಪ್ಪುಗಳನ್ನು ಎತ್ತತೊಡಗಿದೆ.

“ಕೂಡು,” ಎಂದರು.

ಕೂತೆ.

“ಒಂದು ಮಾತ ಕೇಳ್ಲೇನು?”

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ಸಿಂಹದ ಹೊರತು ಆ ಊರಿನ ಬಗ್ಗೆ ನನ್ನನ್ನು ಏನೂ ಕೇಳಿರಲಿಲ್ಲ. ನಾನು ಹೂಂ ಎಂದೆ.

“ಕೋಳಿ ಎಲ್ಲೆ ಇರ್ತಿದ್ವು? ಆ ಮನಿಗೆ ಅಂಗಳ ಇತ್ತೇನು?”

ಇತ್ತು! ಅಂಗಳ ಇತ್ತು! ನಾನು ಕಪ್ಪುಗಳನ್ನು ನೆಲಕ್ಕಿಟ್ಟು, ಅವರ ಎದುರು ಫರಶಿಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಇಲ್ಲಿ ತಗಡಿನ ಗೇಟು, ಇಲ್ಲಿ ಪಪ್ಪಾಯಿ ಗಿಡ, ಇಲ್ಲಿ ಬಟ್ಟೆ ಒಗೆಯುವ ಕಲ್ಲು, ಅಪ್ಪ ಯಾರ್ಡಿನಿಂದ ಹೊರಿಸಿಕೊಂಡು ಬಂದದ್ದು. ಕಲ್ಲಿನ ಪಕ್ಕ ಕೋಳಿಗೂಡು. ಅವರು ಕುರ್ಚಿಯಿಂದ ಇಳಿದು, ಮೊಣಕಾಲು ಹಿಡಿದುಕೊಂಡು ನನ್ನ ಪಕ್ಕ ನೆಲದ ಮೇಲೆ ಕೂತರು.

“ಗೇಟು ಯಾವ ದಿಕ್ಕಿಗೆ?” ಎಂದರು. “ಸರಿಯಾಗಿ ಹೇಳು.”

ನಾನು ಗೇಟಿನಿಂದ ಮತ್ತೆ ಶುರು ಮಾಡಿದೆ. ಹಿತ್ತಿಲ ಬಾಗಿಲಿಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಅಮ್ಮನ ಅಡಿಗೆಮನೆಯ ಒಳಗೆ ನಾವಿನ್ನೂ ಕಾಲಿಟ್ಟೇ ಇರಲಿಲ್ಲ.